ಆಷಾಢದಲ್ಲಿ ಮನೆ ಪರೀಕ್ಷೆ, ಶ್ರಾವಣದಲ್ಲಿ ಗೃಹಪ್ರವೇಶ

ತುಮಕೂರಿನ ಶೆಟ್ಟಿಹಳ್ಳಿ ಕಡೆ ನಾವು ಮನೆ ತೊಗೊಂಡಿದ್ದು 2024ರಲ್ಲಿ. ಒಬ್ಬರೇ ಬಿಲ್ಡರ್ ಸಾಲಾಗಿ ಕಟ್ಟಿದ್ದ ನಾಲ್ಕು ಮನೆಗಳಲ್ಲಿ ಮೂರನೆಯದು, 30–40 ಸೈಟು, ಮೇಲೊಂದು ಮಹಡಿ. ದುಡ್ಡಿನಲ್ಲಿ ಅರ್ಧ ಬ್ಯಾಂಕ್ ಸಾಲ. ಉಳಿದದ್ದು ನನ್ನ ನರ್ಸ್ ಕೆಲಸದ ಪಿಎಫ್ ಮತ್ತು ತಿಪಟೂರು ಸೀಮೆಯಲ್ಲಿ ಅಪ್ಪ ಕೊಬ್ಬರಿ ಮಾರಿ ಕೂಡಿಟ್ಟದ್ದು.

ಅದಕ್ಕೆ ಕೆಲವು ವರ್ಷ ಮುಂಚೆ ನಮ್ಮಣ್ಣ ಮನೆ ಕಟ್ಟಿಸಿದ್ದ. ಮುಹೂರ್ತಕ್ಕೆ ನಾಲ್ಕು ದಿನ ಇರುವಾಗ, ಕಾರ್ಡ್ ಎಲ್ಲ ಹಂಚಿಯಾದ ಮೇಲೆ, ಕಂಟ್ರಾಕ್ಟರ್ ಬಾಕಿ ಪೂರ್ತಿ ಕೇಳಿದರು. ಬಾಗಿಲ ಚಿಲಕ, ಬಲ್ಬು ಇನ್ನೂ ಹಾಕಿರಲಿಲ್ಲ. ಅಣ್ಣನಿಗೆ ಬೇರೆ ದಾರಿ ಇರಲಿಲ್ಲ, ಕೊಟ್ಟ. ಮೂರು ತಿಂಗಳಿಗೆ ಮೇಲಿನ ಬಚ್ಚಲಿನ ನೀರು ಕೆಳಗಿನ ದೇವರ ಮನೆಯ ಮೋಲ್ಡಿನಿಂದ ಜಿನುಗತೊಡಗಿತು. ಆಮೇಲೆ ಅವರು ಫೋನ್ ಎತ್ತಲೇ ಇಲ್ಲ. ಅತ್ತಿಗೆ ದೇವರ ಫೋಟೋಗಳನ್ನು ಹಾಲ್‌ನ ಬೀರುವಿನ ಮೇಲೆ ಜೋಡಿಸಿಕೊಂಡು ಒಂದು ವರ್ಷ ಅಲ್ಲೇ ದೀಪ ಹಚ್ಚಿದರು. ಅದನ್ನು ಕಣ್ಣಾರೆ ನೋಡಿದ್ದರಿಂದ ನಾನು ಒಂದು ಮಾತು ಗಟ್ಟಿ ಮಾಡಿಕೊಂಡೆ: ಮುಹೂರ್ತ ಮತ್ತು ಕೊನೆಯ ಕಂತು, ಎರಡೂ ನಮ್ಮ ಕೈಯಲ್ಲಿರುವಾಗಲೇ ಬೇರೆಯವರಿಂದ ಮನೆ ಪರೀಕ್ಷೆ ಮಾಡಿಸಬೇಕು.

ಇದಕ್ಕೆ ಆಷಾಢದಷ್ಟು ಒಳ್ಳೆಯ ತಿಂಗಳಿಲ್ಲ. ಆಷಾಢದಲ್ಲಿ ಯಾರೂ ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ನೆಂಟರೂ ಬಿಲ್ಡರೂ ಅವಸರ ಮಾಡುವುದಿಲ್ಲ. ಸೋನೆ ಮಳೆ ಹಿಡಿದು ಗೋಡೆ ನೆನೆದಿರುತ್ತದೆ. ನಾವು ಆಷಾಢದಲ್ಲಿ ಪರೀಕ್ಷೆ ಮುಗಿಸಿ, ರಿಪೇರಿ ಮಾಡಿಸಿ, ಆಮೇಲೆ ಪುರೋಹಿತರ ಹತ್ತಿರ ಹೋಗಿ ಶ್ರಾವಣದ ದಿನ ಕೇಳಿದೆವು. ನಿಮ್ಮ ಮನೆ ಬೇರೆ ಕಾಲಕ್ಕೆ ಮುಗಿಯುವುದಾದರೂ ಕ್ರಮ ಇದೇ ಇರಲಿ. ಪರೀಕ್ಷೆಗೂ ಮುಹೂರ್ತಕ್ಕೂ ನಡುವೆ ಕನಿಷ್ಠ ಒಂದು ತಿಂಗಳು ಬಿಡಿ.

ಮೊದಲ ಕೆಲಸ ಅಗ್ರಿಮೆಂಟಿನಲ್ಲೇ ಆಗಬೇಕು. ನಾವು ಮೂರು ಸಾಲು ಸೇರಿಸಿಸಿದೆವು. ನಮ್ಮ ಇಂಜಿನಿಯರ್ ಕ್ರಯಕ್ಕೆ ಮುಂಚೆ ಮನೆ ಪೂರ್ತಿ ನೋಡಬಹುದು, ಬರೆದುಕೊಟ್ಟ ದೋಷಗಳನ್ನು ಬಿಲ್ಡರ್ 30 ದಿನದಲ್ಲಿ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು, ಒಂದೂವರೆ ಲಕ್ಷ ರೂಪಾಯಿ ಚಿತ್ತೆ ಮಳೆ ಮುಗಿಯುವವರೆಗೆ ನಮ್ಮಲ್ಲೇ ಇರುತ್ತದೆ. ವಕೀಲರು "ಚಿತ್ತೆ ಮಳೆ" ಎಂಬುದನ್ನು ಅಕ್ಟೋಬರ್ 31 ಎಂದು ತಿದ್ದಿದರು, ಅಷ್ಟೆ. ನಮ್ಮ ಸೀಮೆಯಲ್ಲಿ ದೊಡ್ಡ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಯಲ್ಲಿ. ಆಷಾಢದ ಹನಿಗೆ ತಡೆದ ಗೋಡೆ ಆ ಮಳೆಗೂ ತಡೆಯುತ್ತದೆಂದು ನಂಬಿ ಕೂರಲಾಗದು.

ಇದನ್ನೆಲ್ಲ ಬರೆಸಿಕೊಳ್ಳಲು ಇನ್ನೊಂದು ಕಾರಣವಿದೆ. ಬಿಲ್ಡರ್‌ಗಳನ್ನು ಹದ್ದಿನಲ್ಲಿಡಲು ಬಂದ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ, ಮನೆ ಸ್ವಾಧೀನ ಕೊಟ್ಟು 5 ವರ್ಷದೊಳಗೆ ಕಟ್ಟಡದ ರಚನೆ, ಕೆಲಸ ಅಥವಾ ಗುಣಮಟ್ಟದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ದುಡ್ಡು ತೊಗೊಳ್ಳದೆ ಸರಿಮಾಡಿಕೊಡಬೇಕು. ಆದರೆ 500 ಚದರ ಮೀಟರ್ ಮೀರದ ಜಾಗ ಅಥವಾ 8 ಮನೆ ಮೀರದ ಯೋಜನೆಗೆ ರೇರಾ ನೋಂದಣಿಯೇ ಬೇಕಿಲ್ಲ. ನಮ್ಮ ಊರಿನ ಬಡಾವಣೆಗಳಲ್ಲಿ ಏಳುವ ಎರಡು, ನಾಲ್ಕು ಮನೆಗಳ ಸಾಲು ಬಹುಪಾಲು ಈ ಲೆಕ್ಕದಲ್ಲೇ ಬರುತ್ತದೆ, ನಮ್ಮದೂ ಹಾಗೇ. ಅಲ್ಲಿ ನಿಮ್ಮ ಅಗ್ರಿಮೆಂಟೇ ನಿಮಗೆ ದಿಕ್ಕು. ಅದೂ ಕೈಕೊಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಆಗ ಇಂಜಿನಿಯರ್ ಸಹಿ ಮಾಡಿದ ವರದಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

"ಬ್ಯಾಂಕಿನವರು ಇಂಜಿನಿಯರ್ ಕಳಿಸಿದ್ದರಲ್ಲ, ಮತ್ತೆ ಯಾಕೆ?" ಎಂದು ನಮ್ಮನೆಯವರೂ ಕೇಳಿದರು. ಬ್ಯಾಂಕಿನವರು ನೋಡುವುದು ತಾವು ಕೊಟ್ಟ ಸಾಲಕ್ಕೆ ಮನೆ ಬೆಲೆ ಬಾಳುತ್ತದೆಯೇ ಎಂದು. ಬಚ್ಚಲಿಗೆ ನೀರು ಕಟ್ಟಿ ಎರಡು ದಿನ ಕಾಯುವುದು ಅವರ ಕೆಲಸವಲ್ಲ.

ಇಂಜಿನಿಯರ್ ಹುಡುಕುವಾಗ ನಾನು ಎರಡೇ ಗುಣ ನೋಡಿದೆ. ಬಿಲ್ಡರ್ ಹೇಳಿದವರಾಗಿರಬಾರದು. ದೋಷ ಕಂಡರೆ "ರಿಪೇರಿ ನಾನೇ ಮಾಡಿಸಿಕೊಡ್ತೀನಿ" ಎನ್ನುವವರೂ ಆಗಿರಬಾರದು. ನಮಗೆ ಸಿಕ್ಕವರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಒಬ್ಬರು. ಜೊತೆಗೆ ತಮ್ಮ ನಂಬಿಕೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಎರಡು ಭೇಟಿ, ಬರೆದ ವರದಿ, ರಿಪೇರಿ ಆದಮೇಲೆ ಮರುಭೇಟಿ ಸೇರಿ 9,000 ರೂಪಾಯಿ ಕೊಟ್ಟೆವು.

ಎರಡು ಭೇಟಿ ಎಂದೆ. ಮೊದಲನೆಯದು ಗೋಡೆಗೆ ಪುಟ್ಟಿ ಹಚ್ಚುವ ಮುಂಚೆಯೇ ಆಗಬೇಕು. ಪುಟ್ಟಿ, ಬಣ್ಣ ಬಿದ್ದಮೇಲೆ ಸಣ್ಣ ಬಿರುಕೆಲ್ಲ ಮುಚ್ಚಿಹೋಗಿ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಬರಿ ಪ್ಲಾಸ್ಟರಿಂಗ್ ಗೋಡೆಯಲ್ಲಿ ನಮ್ಮ ಇಂಜಿನಿಯರ್ ಬಿರುಕುಗಳನ್ನು ಬೇರೆಬೇರೆ ಮಾಡಿ ತೋರಿಸಿದರು. ಬಲೆಯ ಹಾಗೆ ಹರಡಿದ ಕೂದಲೆಳೆ ಬಿರುಕು ಪ್ಲಾಸ್ಟರಿಂಗ್ ಬೇಗ ಒಣಗಿದ್ದರಿಂದ, ಅದಕ್ಕೆ ಹೆದರಬೇಕಿಲ್ಲ. ಪಿಲ್ಲರ್ ಅಥವಾ ಬೀಮು ಇಟ್ಟಿಗೆ ಗೋಡೆಗೆ ಕೂಡುವ ಕಡೆ ಗೆರೆ ಎಳೆದಂತೆ ಬಂದ ಬಿರುಕು ಜಾಲರಿ ಹಾಕದೆ ಪ್ಲಾಸ್ಟರಿಂಗ್ ಮಾಡಿದ್ದರಿಂದ. ಅಲ್ಲಿ ಪ್ಲಾಸ್ಟರಿಂಗ್ ಕಿತ್ತು ಜಾಲರಿ ಬಡಿದು ಮತ್ತೆ ಮಾಡಬೇಕು. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯ ಎರಡೂ ಬದಿ ಕಾಣುವ ಬಿರುಕಾದರೆ, ಅಥವಾ ಬೀಮಿನಲ್ಲೇ ಬಿರುಕಿದ್ದರೆ, ಕಾರಣ ತಿಳಿಯುವವರೆಗೆ ಒಂದು ರೂಪಾಯಿಯೂ ಮುಂದಕ್ಕೆ ಹೋಗಬಾರದು. ನಮ್ಮಲ್ಲಿ ಎರಡನೆಯ ಬಗೆಯದು ಐದು ಕಡೆ ಸಿಕ್ಕಿತು.

ಕಾಂಕ್ರೀಟಿನ ಬಲ ನೋಡಲು ಬಡಿಯುವ ಸುತ್ತಿಗೆ ಯಂತ್ರ, ರೀಬೌಂಡ್ ಹ್ಯಾಮರ್, ಬಗ್ಗೆ ಕೇಳಿರುತ್ತೀರಿ. ಅದೊಂದರ ಅಂಕಿ ಹಿಡಿದು ತೀರ್ಮಾನಕ್ಕೆ ಬರಬೇಡಿ, ಅದರ ಅಂದಾಜು 25 ಪರ್ಸೆಂಟ್ ಹೆಚ್ಚುಕಡಿಮೆ ಆಗಬಹುದು. ಅದಕ್ಕಿಂತ ಮೋಲ್ಡ್ ಹಾಕಿದ ದಿನ ತೆಗೆದ 15 ಸೆಂಟಿಮೀಟರ್ ಕಾಂಕ್ರೀಟ್ ಕ್ಯೂಬುಗಳ 28 ದಿನದ ಲ್ಯಾಬ್ ವರದಿ ಕೇಳಿ, ಕಂಬಿ ಕಟ್ಟಿದಾಗಿನ ಫೋಟೋ ಕೇಳಿ. ಇನ್ನೂ ಕಟ್ಟುತ್ತಿರುವವರು ಈಗಲೇ ಇದನ್ನು ಷರತ್ತು ಮಾಡಿಕೊಳ್ಳಿ. ಮುಗಿದ ಮನೆಯಲ್ಲಿ ಇಲ್ಲದ ವರದಿಯನ್ನು ಯಾರೂ ಹುಟ್ಟಿಸಲಾರರು.

ಎರಡನೆಯ ಭೇಟಿಗೆ ಮನೆ ಸಿದ್ಧವಿರಬೇಕು: ಮೇಲಿನ ಟ್ಯಾಂಕಿನಲ್ಲಿ ನೀರು, ಕರೆಂಟು, ಎಲ್ಲ ಬೀಗದ ಕೈ. ನೀರು ಕಟ್ಟುವ ಕೆಲಸ ಮಾತ್ರ ಎರಡು ದಿನ ಮುಂಚೆಯೇ ಶುರುವಾಗಬೇಕು. ಈ ಒಂದು ಪರೀಕ್ಷೆಯನ್ನು ಯಾರು ಏನೇ ಹೇಳಿದರೂ ಬಿಡಬೇಡಿ. ಮೇಲಿನ ಬಚ್ಚಲಿನ ನೀರು ಹೋಗುವ ತೂತಿಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಬಟ್ಟೆ ಗಟ್ಟಿಯಾಗಿ ತುರುಕಿ. ಹೊಸ್ತಿಲು ದಾಟದಷ್ಟು ನೀರು ಬಿಡಿ. ಗೋಡೆ ಟೈಲ್ಸ್ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಬಾಗಿಲಿಗೆ ಬೀಗ ಹಾಕಿ, 48 ಗಂಟೆ ಬಿಡಿ. ನೀರು ಬಿಡುವ ಮುಂಚೆ ಕೆಳಗಿನ ಕೋಣೆಯ ಮೋಲ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಬೆಳಿಗ್ಗೆ, ಸಂಜೆ ಹೋಗಿ ಕೆಳಗಿನಿಂದ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ನೇರ ಬೆಳಕಿಗೆ ಕಾಣದ ಪಸೆ ಓರೆ ಬೆಳಕಿಗೆ ಕಾಣುತ್ತದೆ.

ನಮ್ಮ ಒಂದು ಬಚ್ಚಲು ಪಾಸಾಯಿತು. ಇನ್ನೊಂದರಲ್ಲಿ ಎರಡನೇ ದಿನ ಸಂಜೆ, ಪೈಪು ಮೋಲ್ಡ್ ತೂರಿ ಇಳಿಯುವ ಕಡೆ ಅಂಗೈಯಗಲ ಒದ್ದೆ ಕಂಡಿತು. ಅಣ್ಣನ ಮನೆಯಲ್ಲಿ ಶುರುವಾದದ್ದೂ ಅಂಥದೇ ಜಾಗದಲ್ಲಿ. ನಾಲ್ಕು ಟೈಲ್ಸ್ ಕೀಳಿಸಿ, ಪೈಪಿನ ಸುತ್ತ ಕೊರೆದು, ಕುಗ್ಗದ ಗ್ರೌಟ್ ತುಂಬಿ, ವಾಟರ್‌ಪ್ರೂಫಿಂಗ್ ಹಚ್ಚಿಸಿದೆವು. ಟೈಲ್ಸ್ ಕೂರಿಸುವ ಮುಂಚೆ ಮತ್ತೆ ನೀರು ಕಟ್ಟಿ 48 ಗಂಟೆ ಕಾದೆವು. ತಾರಸಿಗೂ ಇದೇ ಕ್ರಮ. ನೀರು ಬಿಟ್ಟಮೇಲೆ ಎಲ್ಲೂ ಮಡು ನಿಲ್ಲದೆ ಪೈಪಿನ ಕಡೆ ಹರಿಯಬೇಕು, ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆ ಚೂಪಾಗಿರದೆ ಗುಂಡಗೆ ತೀಡಿರಬೇಕು. ಸಂಪು ತುಂಬಿಸಿ ಗುರುತು ಹಾಕಿ ಒಂದು ದಿನ ಬಿಟ್ಟರೆ ಅದರ ಸೋರಿಕೆಯೂ ಗೊತ್ತಾಗುತ್ತದೆ. ಬೋರ್‌ವೆಲ್ ಇರುವ ಮನೆಯಾದರೆ ನೀರನ್ನು ಲ್ಯಾಬಿಗೆ ಕೊಡಿ. ನಮ್ಮ ಜಿಲ್ಲೆಯಲ್ಲಿ ಪಾವಗಡದ ಕಡೆಯವರಿಗೆ ಫ್ಲೋರೈಡ್ ಹಲ್ಲು, ಮೂಳೆಗೆ ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕುಡಿಯುವ ನೀರಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೂ 1.5 ದಾಟಬಾರದು.

ಕರೆಂಟಿನ ಪರೀಕ್ಷೆಯನ್ನು ನಾನು ಪಕ್ಕದಲ್ಲೇ ನಿಂತು ಮಾಡಿಸಿದೆ. ಶಾಕ್ ಹೊಡೆದು ಆಸ್ಪತ್ರೆಗೆ ಬಂದವರ ಕೈ ನಾನು ನೋಡಿದ್ದೇನೆ. ಎಲೆಕ್ಟ್ರಿಷಿಯನ್ ಮೂರು ದೀಪದ ಟೆಸ್ಟರನ್ನು ಒಂದೊಂದೇ ಸಾಕೆಟ್ಟಿಗೆ ಚುಚ್ಚುತ್ತಾ ಹೋದರು. ಎದುರಿನಿಂದ ನೋಡಿದರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲಿನ ದೊಡ್ಡ ತೂತು ಅರ್ತ್. 31 ಸಾಕೆಟ್‌ಗಳಲ್ಲಿ ಎರಡು ತಿರುಗುಮುರುಗು. ಮೇಲಿನ ಬಚ್ಚಲಿನ ಗೀಸರ್ ಪಾಯಿಂಟಿಗೆ ಅರ್ತ್ ವೈರೇ ಕೂಡಿಸಿರಲಿಲ್ಲ. ಒದ್ದೆ ಕೈಯಲ್ಲಿ ಮುಟ್ಟುವ ಜಾಗ ಅದು. ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದೊಡನೆ ಕರೆಂಟು ಹೋಗುತ್ತದೆಯೇ ನೋಡಿ. ಒಂದು ಸ್ವಿಚ್ ಬೋರ್ಡ್ ಬಿಚ್ಚಿಸಿ ವೈರಿನ ಮೇಲೆ ಬರೆದ ಅಳತೆ ಓದಿ. ಗೀಸರಿಗೆ 4 ಚದರ ಮಿಲಿಮೀಟರ್ ಎಂದು ಒಪ್ಪಿದ್ದವರು ಎಷ್ಟು ಎಳೆದಿದ್ದಾರೆ ಎಂದು ಅಲ್ಲೇ ಗೊತ್ತಾಗುತ್ತದೆ.

ಟೈಲ್ಸ್ ಪರೀಕ್ಷೆ ಅಪ್ಪನ ಪಾಲಿಗೆ ಬಂತು. ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುವವರು ಅವರು. ಐದು ರೂಪಾಯಿ ನಾಣ್ಯ ಹಿಡಿದು ನೆಲದ ಮೇಲೆ ಕೂತು ಒಂದೊಂದೇ ಟೈಲ್ಸಿನ ನಾಲ್ಕು ಮೂಲೆ, ನಡು ತಟ್ಟುತ್ತಾ ಸರಿದರು. ಡಬ್ ಡಬ್ ಎಂದು ಪೊಳ್ಳು ಸದ್ದು ಬಂದ ಕಡೆ ನನ್ನ ಮಗಳು ಸೀಮೆಸುಣ್ಣದಲ್ಲಿ ಗುಂಡು ಬರೆದಳು. 17 ಸಿಕ್ಕವು. ಮೂಲೆಯಲ್ಲಿ ಮಾತ್ರ ಪೊಳ್ಳಾದವನ್ನು ಬಿಟ್ಟು, ನಡುವೆ ಪೊಳ್ಳಾದ 6 ಟೈಲ್ಸ್ ಬದಲಾಯಿಸಿದರು. ಅಡುಗೆಮನೆಯಲ್ಲಿ ಭಾರದ ಪಾತ್ರೆ ಬಿದ್ದರೆ ಮೊದಲು ಸೀಳುವುದು ಅವೇ.

ಉಳಿದದ್ದಕ್ಕೆ ಹೆಚ್ಚು ಹೊತ್ತು ಬೇಡ. ಬಾಗಿಲು ತಾನಾಗಿ ಮುಚ್ಚಿಕೊಳ್ಳಬಾರದು, ತಾನಾಗಿ ತೆರೆಯಬಾರದು. ಎಲ್ಲ ನಲ್ಲಿ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿ. ಕಿಟಕಿಗೆ ಹೊರಗಿನಿಂದ ಪೈಪಿನಲ್ಲಿ ಹತ್ತು ನಿಮಿಷ ನೀರು ಹೊಡೆಸಿ. ಮೆಟ್ಟಿಲುಗಳ ಎತ್ತರ ಟೇಪಿನಲ್ಲಿ ಅಳೆಯಿರಿ, ಒಂದು ಮೆಟ್ಟಿಲು ಎತ್ತರವಿದ್ದರೂ ವಯಸ್ಸಾದವರು ಎಡವುತ್ತಾರೆ. ಮಂಜೂರಾದ ನಕ್ಷೆ ಹಿಡಿದು ಮನೆಯ ಸುತ್ತ ಬಿಟ್ಟ ಜಾಗ ಅಳೆಯಿರಿ. ಓಸಿ (ನಕ್ಷೆಯಂತೆ ಕಟ್ಟಿದೆ, ವಾಸಕ್ಕೆ ಅಡ್ಡಿಯಿಲ್ಲ ಎನ್ನುವ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಇದು ಬರಿ ಕಾಗದದ ಮಾತಾಗಿ ಉಳಿದಿಲ್ಲ. ನಿಮ್ಮ ಸೈಟಿಗೆ ಏನು ಬೇಕೆಂದು ಪಾಲಿಕೆಯಲ್ಲೂ ಬೆಸ್ಕಾಂನಲ್ಲೂ ಮೊದಲೇ ಕೇಳಿಕೊಳ್ಳಿ. ಪೈಪು, ವೈರು ಗೋಡೆಯಲ್ಲಿ ಎಲ್ಲಿ ಹೋಗಿದೆ ಎನ್ನುವ ನಕ್ಷೆ ಕೈಗೆ ಬರದೆ ಬೀಗದ ಕೈ ಇಸ್ಕೊಳ್ಳಬೇಡಿ.

ಇದೆಲ್ಲ ನಡೆಯುವಾಗ ಬಿಲ್ಡರಿಗೆ ಮುಖ ಸಪ್ಪಗಾಗುವುದು ಸಹಜ. ನಮ್ಮ ಬಿಲ್ಡರ್ ಕೇಳಿಯೇಬಿಟ್ಟರು, "ಏನ್ ಮೇಡಂ, ನಮ್ ಮೇಲೆ ನಂಬಿಕೆ ಇಲ್ವಾ?" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಪ್ಪ ಹೇಳಿದರು, "ಮಂಡಿಯವ್ರು ನನ್ನ ಕೊಬ್ಬರಿ ಮೂಟೆ ಬಿಚ್ಚಿ ನೋಡ್ದೆ ಯಾವತ್ತು ತಗೊಂಡಿದಾರೆ ಸ್ವಾಮಿ? ನಾನು ಬೇಜಾರ್ ಮಾಡ್ಕೊಂಡಿಲ್ಲ." ಆಮೇಲೆ ಬಿಲ್ಡರೇ ಜೊತೆಗೆ ನಡೆದು ನೋಡಿದರು. ಮೇಸ್ತ್ರಿಯನ್ನು ಎಲ್ಲರೆದುರು ಗದರಬೇಡಿ. "ಅಣ್ಣಾ, ಇಲ್ಲಿ ಒಂದ್ಸಲ ನೋಡಿ" ಎಂದರೆ ಅವರೇ ಇನ್ನೆರಡು ತಪ್ಪು ತೋರಿಸುತ್ತಾರೆ, ನಮಗೆ ಹಾಗೇ ಆಯಿತು.

ವರದಿಯಲ್ಲಿ ಕೋಣೆವಾರು ನಂಬರ್, ಪ್ರತಿ ನಂಬರಿಗೂ ಫೋಟೋ, ಸರಿಮಾಡುವ ಕ್ರಮ, ಗಡುವಿನ ದಿನಾಂಕ ಇರಲಿ. ಕೊನೆಯ ಪುಟದಲ್ಲಿ ಬಿಲ್ಡರ್ ಸಹಿ ಹಾಕಲಿ. ನಮ್ಮ ಪಟ್ಟಿಯಲ್ಲಿ 43 ಇತ್ತು. ಮರುಭೇಟಿಯ ದಿನ ಇಂಜಿನಿಯರ್ 40ಕ್ಕೆ ಟಿಕ್ ಹಾಕಿದರು, ಉಳಿದ ಮೂರು ಮುಗಿಯಲು ಇನ್ನೊಂದು ವಾರ ಹಿಡಿಯಿತು. ಆಮೇಲೆ ಕ್ರಯ, ಆಮೇಲೆ ಶ್ರಾವಣದಲ್ಲಿ ಗೃಹಪ್ರವೇಶ.

ಅಕ್ಟೋಬರ್ ನಡುವೆ ಚಿತ್ತೆ ಮಳೆ ಎರಡು ರಾತ್ರಿ ಬಿಡದೆ ಸುರಿಯಿತು. ಟಾರ್ಚ್ ಹಿಡಿದು ಮೆಟ್ಟಿಲ ಕೋಣೆಗೆ ಹತ್ತಿದೆ. ಪಶ್ಚಿಮದ ಗೋಡೆಯಲ್ಲಿ ಕಿಟಕಿಯ ಕೆಳಗೆ ಮೊಳದುದ್ದ ಪಸೆ. ಫೋಟೋ ತೆಗೆದು ಕಳಿಸಿದೆ. ಬಿಲ್ಡರ್ ಮೂರನೇ ದಿನ ಮೇಸ್ತ್ರಿ ಜೊತೆ ಬಂದು, ಕಿಟಕಿಯ ಹೊರಗಿನ ಸಿಲ್ ಒಳಮುಖವಾಗಿ ವಾಲಿದ್ದನ್ನು ಕಿತ್ತು ಹೊರಮುಖಕ್ಕೆ ವಾಟ ಕೊಟ್ಟರು. ಅದರ ಮುಂದಿನ ಮಳೆಗೂ ಟಾರ್ಚ್ ಹಿಡಿದು ಹತ್ತಿದೆ, ಗೋಡೆ ಒಣಗಿತ್ತು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಒಂದೂವರೆ ಲಕ್ಷದ ಚೆಕ್ ಬರೆದು ಅಪ್ಪನ ಕೈಲಿ ಕಳಿಸಿದೆ.