ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡವರು ಗಂಜಿ ಊಟ ಮಾಡುವ ಬಗೆ
ಗ್ಯಾಸ್ಟ್ರಿಕ್ ಬ್ಯಾಂಡ್ (ತೂಕ ಇಳಿಸಲು ಆಪರೇಷನ್ ಮಾಡಿ ಹೊಟ್ಟೆಯ ಮೇಲ್ಭಾಗಕ್ಕೆ ಸುತ್ತುವ ಪಟ್ಟಿ) ಹಾಕಿಸಿಕೊಂಡವರು ಕುಚ್ಚಲಕ್ಕಿ ಗಂಜಿಯನ್ನು ತೆಳಿ (ಗಂಜಿಯ ನೀರು) ಸೇರಿಸಿ ಉಣ್ಣಬೇಡಿ, ತೆಳಿ ಬಸಿದು ಬೇರೆ ಲೋಟದಲ್ಲಿಡಿ, ಮೊದಲು ಬಂಗುಡೆಯದ್ದೋ ಬೇಯಿಸಿದ ಹೆಸರುಕಾಳಿನದ್ದೋ ನಾಲ್ಕು ತುತ್ತು, ಆಮೇಲೆ ಸ್ವಲ್ಪ ಅಗುಳು, ಊಟ ಮುಗಿದು ಅರ್ಧ ಗಂಟೆ ಕಳೆದ ಮೇಲೆ ತೆಳಿ ಕುಡಿಯಿರಿ. ಬ್ಯಾಂಡಿನ ಮೇಲೆ ಉಳಿಯುವ ಹೊಟ್ಟೆ ತುಂಬ ಚಿಕ್ಕದು, ಕೆಳಗಿನ ದಾರಿಯೂ ಕಿರಿದು. ಜೊತೆಗೆ ನೀರು ಕುಡಿದರೆ ಅನ್ನ ಬೇಗ ಕೆಳಗಿಳಿದು ಮತ್ತೆ ಹಸಿವಾಗುತ್ತದೆ. ಕೈಯಲ್ಲಿ ಕಲಸಿದರೆ ತುತ್ತು ದೊಡ್ಡದಾಗುತ್ತದೆ, ಹಾಗಾಗಿ ಟೀ ಚಮಚವೇ ಒಳ್ಳೆಯದು. ಕಡಲೆಕಾಳಿನಷ್ಟು ಬಾಯಿಗೆ ಹಾಕಿ, ಅಗುಳು ಪೂರ್ತಿ ನುಣ್ಣಗಾಗುವ ತನಕ ಜಗಿದು, ನುಂಗಿದ ಮೇಲೆ ಚಮಚ ಕೆಳಗಿಟ್ಟು ಸ್ವಲ್ಪ ಕಾಯಿರಿ. ಎದೆಯ ಹತ್ತಿರ ಬಿಗಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಬಟ್ಟಲಲ್ಲಿ ಉಳಿದರೆ ಉಳಿಯಲಿ. ಮದುವೆ ಮನೆಯಲ್ಲಿ ಬಡಿಸುವವರು ಒತ್ತಾಯ ಮಾಡ್ತಾರೆ ಅಲ್ವಾ, ಡಾಕ್ಟರು ಬೇಡ ಅಂದಿದ್ದಾರೆ ಅಂತ ನೇರ ಹೇಳಿಬಿಡಿ, ಸಂಕೋಚಕ್ಕೆ ತಿನ್ನಬೇಡಿ. ಆಪರೇಷನ್ ಆದ ಮೊದಲ ವಾರಗಳಲ್ಲಿ ಈ ಗಂಜಿ ಊಟ ನಡೆಯುವುದಿಲ್ಲ, ಆಗ ದ್ರವ, ಆಮೇಲೆ ಅರೆದದ್ದು ಮಾತ್ರ. ಬ್ಯಾಂಡ್ ಬಿಗಿ ಮಾಡಿಸಿದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಬರೀ ತೆಳಿ, ಸಾರು. ಮೆತ್ತಗಿನ ಬ್ರೆಡ್ಡು, ನಾರಿರುವ ನುಗ್ಗೆಕಾಯಿ, ಬೊಂಡಾಸದಂಥ (ಸ್ಕ್ವಿಡ್) ರಬ್ಬರಿನ ಹಾಗಿರುವ ಕಡಲ ಆಹಾರ ಎಷ್ಟು ಜಗಿದರೂ ಕೆಲವರಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ನೀರೂ ಇಳಿಯದೆ ವಾಂತಿಯಾಗುತ್ತಿದ್ದರೆ ಮಾತ್ರ ಮನೆಮದ್ದು ಮಾಡುತ್ತ ಕೂರಬೇಡಿ. ಬ್ಯಾಂಡ್ ಜಾಸ್ತಿ ಬಿಗಿಯಾಗಿರಬಹುದು, ಜಾರಿರಲೂಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.