ಮೊದಲು ಸೂಜಿ, ಆಮೇಲೆ ಮಾತ್ರೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಸಾಕುಪ್ರಾಣಿಗಳಿಗಾಗಿ ನನ್ನದೊಂದು ಪುಟ್ಟ ಕ್ಲಿನಿಕ್. ಮಳೆಗಾಲದಲ್ಲಿ ಜ್ವರ ಬಂದು ಕುಂಟುವ ನಾಯಿ ಕಂಡರೆ ಇಲ್ಲಿ ಎಲ್ಲರೂ ಮೊದಲು ಹೇಳುವುದು ಟಿಕ್ ಫೀವರ್, ಅಂದರೆ ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುವ ಜ್ವರ ಅಂತ. ನಾನೂ ಹಾಗೇ ಅಂದುಕೊಂಡು ಒಮ್ಮೆ ಎಡವಿದೆ.

ಏಳು ವರ್ಷದ ಗಂಡು ಲ್ಯಾಬ್ರಡಾರ್. ಮನೆಯವರು ಕುಂದಾಪುರದ ಕಡೆಯವರು. "ನಿನ್ನೆ ಸಂಜೆ ತನಕ ಚೆನ್ನಾಗಿದ್ದ ಡಾಕ್ಟ್ರೇ, ಬೆಳಿಗ್ಗೆಯಿಂದ ಕಾಲೇ ಊರ್ತಾ ಇಲ್ಲ" ಅಂದರು ಅಜ್ಜಿ. ಮೈಯಲ್ಲಿ ಎರಡು ಉಣ್ಣೆ ಸಿಕ್ಕವು. ನನಗಷ್ಟೇ ಸಾಕಾಯಿತು. ಆ ಜ್ವರಕ್ಕೆ ಕೊಡುವ ಆಂಟಿಬಯೋಟಿಕ್ ಡಾಕ್ಸಿಸೈಕ್ಲಿನ್ ಶುರು ಮಾಡಿ, ನೋವಿನ ಮಾತ್ರೆ ಕೊಟ್ಟು ಕಳಿಸಿದೆ.

ಮೂರನೇ ದಿನ ಮುಂಗಾಲಿನ ಮೊಣಕೈ ಕೀಲು ಬಾತುಕೊಂಡು ಬಿಸಿಯಾಗಿತ್ತು. ಮುಟ್ಟಿದರೆ ಕಿರುಚುತ್ತಿದ್ದ. ಉಣ್ಣೆಯ ರೋಗದಲ್ಲಿ ಸಾಮಾನ್ಯವಾಗಿ ಹಲವು ಕೀಲು ನೋಯುತ್ತವೆ. ಇವನಿಗೆ ನೋವಿದ್ದದ್ದು ಒಂದೇ ಕೀಲಿನಲ್ಲಿ. ಮೊದಲ ದಿನವೇ ಗಮನಿಸಬೇಕಿತ್ತು, ಅಲ್ವಾ?

ಮಂಪರು ಕೊಟ್ಟು, ಕೂದಲು ಬೋಳಿಸಿ, ಆಪರೇಷನ್‌ಗೆ ಮಾಡುವಷ್ಟೇ ಶುಚಿ ಮಾಡಿ, ನೀರು ತೆಗೆಯಲು ಕೀಲಿಗೆ ಸೂಜಿ ಹಾಕಿದೆ. ಚೆನ್ನಾಗಿರುವ ಕೀಲಿನ ನೀರು ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಇದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿ, ತೊಟ್ಟು ತೊಟ್ಟಾಗಿ ಬಿತ್ತು. ಒಂದು ಮೈಕ್ರೋಲೀಟರ್‌ನಲ್ಲಿ 3,000ಕ್ಕಿಂತ ಕಡಿಮೆ ಇರಬೇಕಾದ ಜೀವಕಣಗಳು ಸೋಂಕಾದಾಗ 40,000 ದಾಟುವುದುಂಟು. ಇವನ ಸ್ಲೈಡ್ ತುಂಬಾ ಬರೀ ನ್ಯೂಟ್ರೋಫಿಲ್‌ಗಳೇ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ಉಳಿದ ನೀರನ್ನು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿ ಲ್ಯಾಬ್‌ಗೆ ಕಳಿಸಿದೆ.

ಏನೂ ಬೆಳೆಯಲಿಲ್ಲ. ಸೋಂಕಿದ್ದರೂ ಎಷ್ಟೋ ಸಲ ಹೀಗಾಗುತ್ತದೆ ನಿಜ. ಆದರೆ ಮೂರು ದಿನ ಆಂಟಿಬಯೋಟಿಕ್ ನುಂಗಿಸಿದವನು ನಾನೇ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಅಂತ ತಿಳಿಯುವ ದಾರಿಗೆ ನಾನೇ ಕಲ್ಲು ಹಾಕಿದ್ದೆ. ನಾಯಿಗಳ ಕೀಲಿನಲ್ಲಿ ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು. ಆ ಲೆಕ್ಕದ ಮೇಲೆ ಕೀಲನ್ನು ಸಲೈನ್‌ನಿಂದ ತೊಳೆದು ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯೋಟಿಕ್ ಶುರು ಮಾಡಿದೆ. ಸೋಂಕು ಒಳಹೋಗಲು ಕಚ್ಚಿದ ಗಾಯ ಎಲ್ಲೂ ಇರಲಿಲ್ಲ. ಎಕ್ಸ್‌ರೇಯಲ್ಲಿ ಅದೇ ಕೀಲಿನಲ್ಲಿ ಹಳೆಯ ಸವೆತ ಕಂಡಿತು. ರಕ್ತದಲ್ಲಿ ಬರುವ ಸೋಂಕು ಅಂಥ ಕೀಲಿನಲ್ಲೇ ಸುಲಭವಾಗಿ ಠಿಕಾಣಿ ಹೂಡುತ್ತದೆ.

ಹತ್ತನೇ ದಿನಕ್ಕೆ ಅವನು ಓಡಾಡಿದ. "ಇನ್ನು ಮಾತ್ರೆ ಯಾಕೆ, ಸುಮ್ನೆ ಖರ್ಚು?" ಅಂದರು ಅಜ್ಜಿಯ ಮಗ. ಆರು ವಾರ ಬೇಕೇ ಬೇಕು ಅಂದೆ. ಅಜ್ಜಿ ಇಡ್ಲಿಯೊಳಗೆ ಮಾತ್ರೆ ಬಚ್ಚಿಟ್ಟು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡರು. ಒಂದು ದಿನವೂ ತಪ್ಪಲಿಲ್ಲ.

ಈಗ ಒಂದೇ ಕಾಲು ಕುಂಟುತ್ತಾ ಜ್ವರದಲ್ಲಿ ಬಂದ ನಾಯಿಗೆ ನಾನು ಮೊದಲು ಕೀಲಿನ ನೀರು ತೆಗೆಯುತ್ತೇನೆ. ಆ ಲ್ಯಾಬ್ರಡಾರ್ ಚಳಿಗಾಲದ ಬೆಳಿಗ್ಗೆ ಇನ್ನೂ ಸ್ವಲ್ಪ ಕುಂಟುತ್ತಾನೆ. ಅದು ಹಳೆಯ ಸವೆತ. ಅಜ್ಜಿ ಮಾತ್ರ ಪ್ರತಿ ಸಲವೂ ಹೆದರಿ ಫೋನ್ ಮಾಡುತ್ತಾರೆ.