ಮಧುಗಿರಿಯಲ್ಲಿ ಪಳಗೋದು ಕಾಲು ಮಾತ್ರ

ಲಡಾಖಿನ ಮಾರ್ಖಾ ಕಣಿವೆ ಚಾರಣಕ್ಕೆ ನಾನು ತಯಾರಾಗಿದ್ದು ಮಧುಗಿರಿ ಬೆಟ್ಟದಲ್ಲೇ. ಎರಡು ತಿಂಗಳು, ವಾರಕ್ಕೆರಡು ಸಲ. ಬಂಡೆ ಕಾಯೋದರೊಳಗೆ ಇಳಿದುಬಿಡಬೇಕು, ಹಾಗಾಗಿ ಬೆಳಕು ಹರಿಯುತ್ತಲೇ ಹತ್ತೋಕೆ ಶುರು. ಭಾರಕ್ಕೆ ಬೆನ್ನಚೀಲದಲ್ಲಿ ಲೀಟರ್ ಬಾಟಲಿಗಳು: ಮೊದಲ ವಾರ 5, ಆಮೇಲೆ ವಾರಕ್ಕೊಂದು ಹೆಚ್ಚಿಸಿ 12. ಮೊದಲ ನಾಲ್ಕು ವಾರ ತುದಿಯಲ್ಲಿ ನೀರು ಚೆಲ್ಲಿ ಇಳಿದೆ, ಯಾಕಂದರೆ ಮಂಡಿಗೆ ಪೆಟ್ಟು ಬೀಳೋದು ಇಳಿಜಾರಿನಲ್ಲಿ. ಆಮೇಲೆ ಹೊತ್ತೇ ಇಳಿದೆ. ಇಳಿಯುವಾಗ ಹೆಬ್ಬೆರಳು ಶೂ ಮೂತಿಗೆ ಬಡಿದರೆ ಉಗುರು ಕಪ್ಪಾಗುತ್ತೆ. ಹಿಮ್ಮಡಿ ಹಿಂದಕ್ಕೆ ಕುಟ್ಟಿ ಕೂರಿಸಿ, ಕಣಕಾಲಿನ ಹತ್ತಿರ ಲೇಸು ಬಿಗಿಯಬೇಕು, ಬೆರಳ ಕಡೆ ಸಡಿಲ ಬಿಡಬೇಕು.

ಇಷ್ಟರಿಂದ ಉಸಿರು ಪಳಗಲ್ಲ. ಮಧುಗಿರಿ ತುದಿ 1,200 ಮೀಟರಿನೊಳಗೇ ಇದೆ. ವಿಮಾನದಲ್ಲಿ ಲೇಹ್‌ಗೆ ಇಳಿದರೆ ಒಂದೇ ಏಟಿಗೆ 3,500. ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ಕಾಲು ಗಟ್ಟಿಯಿದೆ ಅಂತ ಬೇಗ ಏರಿಬಿಡೋದೇ ಇಲ್ಲಿ ಅಪಾಯ. ಎರಡು ದಿನ ಸುಮ್ಮನಿರಬೇಕು. 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗೆ ಮಿಗದ ಹಾಗೆ ನೋಡಿಕೊಳ್ಳಬೇಕು. ಈ ಹಾದಿಯ ಹಂಕರ್ ಹಳ್ಳಿಯಿಂದ ನೇರ ನಿಮಾಲಿಂಗ್ ಬಿಡಾರಕ್ಕೆ ಏರಿದರೆ ಏಳೆಂಟು ನೂರು ಮೀಟರ್ ಆಗುತ್ತೆ. ನಡುವೆ ತಾಚುಂಗ್ಟ್ಸೆಯಲ್ಲಿ ಒಂದು ರಾತ್ರಿ ತಂಗೋದು ಒಳ್ಳೇದು. ಡಾಕ್ಟರನ್ನು ಕೇಳಿ, ಎತ್ತರದ ಕಾಯಿಲೆ ತಡೆಯೋ ಅಸಿಟಜೋಲಮೈಡ್ ಮಾತ್ರೆ 125 ಮಿ.ಗ್ರಾಂ, ದಿನಕ್ಕೆರಡು, ಹೊರಡೋ ಹಿಂದಿನ ದಿನದಿಂದ ತಗೊಂಡೆ. ಬೆರಳು ಜುಮುಗುಡುತ್ತೆ, ಮೂತ್ರ ಜಾಸ್ತಿಯಾಗುತ್ತೆ. ಸಲ್ಫಾ ಮಾತ್ರೆ ಆಗದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ನಿಮಾಲಿಂಗ್‌ನಲ್ಲಿ ನೀರು ಸುಮಾರು 84 ಡಿಗ್ರಿಗೇ ಕುದಿಯುತ್ತೆ. ಕುಕ್ಕರ್ ಇಲ್ಲದೆ ಅಕ್ಕಿ ಬೇಯಲ್ಲ. ನಮ್ಮ ಕಡೆಯ ರಾಗಿ ಹುರಿಹಿಟ್ಟಿಗೆ ಬೇಯಿಸೋ ಕೆಲಸವೇ ಇಲ್ಲ: ಬಿಸಿನೀರು, ಒಂದು ಚಮಚ ತುಪ್ಪ, ಬೆಲ್ಲ. ದಿನಕ್ಕೆ 100 ಗ್ರಾಂ ಲೆಕ್ಕ ಹಾಕಿದ್ದೆ. ಬೆಲ್ಲದ ಪುಡಿ ಬೇರೆ ಕಟ್ಟಬೇಕು, ಮೊದಲೇ ಬೆರೆಸಿದರೆ ನೀರು ಬಿಟ್ಟು ಹಿಟ್ಟು ಗಂಟಾಗುತ್ತೆ.

ತಲೆನೋವಿನ ಜೊತೆ ವಾಕರಿಕೆ ಬಂದರೆ ಅಲ್ಲೇ ತಂಗಬೇಕು, ಮೇಲೇರಬಾರದು. ದಿನಾ ಸಂಜೆ ನೆಲದ ಮೇಲೊಂದು ಗೆರೆ ಎಳೆದು, ಹಿಮ್ಮಡಿಗೆ ಬೆರಳತುದಿ ತಾಗಿಸುತ್ತಾ ಎಲ್ಲರೂ ನಡೆಯಬೇಕು. ಯಾರಾದರೂ ತೂರಾಡಿದರೆ ಮಿದುಳಿಗೆ ನೀರು ಇಳಿಯುತ್ತಿದೆ ಅಂತಲೇ ತಿಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ. ಎರಡರಲ್ಲೂ ಬೆಳಗಾಗಲಿ ಅಂತ ಕಾಯಬಾರದು. ಟಾರ್ಚ್ ಹಿಡಿದಾದರೂ ಆಗಲೇ ಇಳಿಸಬೇಕು, ಕಡೇಪಕ್ಷ 300 ಮೀಟರ್, ಆರಾಮಾಗದಿದ್ದರೆ ಇನ್ನೂ ಕೆಳಕ್ಕೆ. ಒಬ್ಬರನ್ನೇ ಕಳಿಸಬಾರದು. ಅವರ ಚೀಲವನ್ನು ಜೊತೆಗೆ ಇಳಿಯುವವರೇ ಹೊರಬೇಕು. 12 ಬಾಟಲಿ ಹೊತ್ತು ಇಳಿದ ಅಭ್ಯಾಸ ಬೇಕಾಗೋದು ಆಗಲೇ.